ಏಳನೇ ಚೌಕದ ಟಿಕ್

“ಹದಿನಾರನೇ ಹಾಳಿ ಆದ ಮ್ಯಾಲೆ ಹದಿನೆಂಟು ಹ್ಯಾಂಗ ಬಂತು?” ಎಂದು ಕೇಳಿದೆ.

ಪ್ರವೀಣಕುಮಾರ ನಕ್ಕ. ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಹಿಂದೆ, ಬೀಜದಂಗಡಿಯ ಮೇಲಿನ ಮಹಡಿಯಲ್ಲಿ ಆರು ಕಂಪ್ಯೂಟರ್ ಇಟ್ಟುಕೊಂಡು ‘ನವಸಂಗಮ ಸಾಫ್ಟ್‌ವೇರ್’ ಎಂದು ಬೋರ್ಡು ಹಾಕಿಕೊಂಡವನು. ಬೆಂಗಳೂರಿನಲ್ಲಿ ಹದಿನಾಲ್ಕು ತಿಂಗಳು ಇದ್ದು ಬಂದಿದ್ದನಂತೆ. ಅಲ್ಲಿಂದ ತಂದದ್ದು ಅಲ್ಲಿನ ಮಾತೊಂದೇ.

“ಪ್ರಿಂಟರ್ ಸ್ಕಿಪ್ ಮಾಡಿರುತ್ತೆ ಮೇಡಂ. ಹಳೇ ಮೆಷಿನ್ನು. ನಿಮಗೆ ಅದೆಲ್ಲ ಗೊತ್ತಾಗಲ್ಲ ಬಿಡಿ.”

ಹಾವೇರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತಳಾದ ಜಾನಕೀಬಾಯಿಗೆ, ಅಂದರೆ ನನಗೆ, ಪ್ರಿಂಟರ್ ಗೊತ್ತಾಗುವುದಿಲ್ಲವಂತೆ. ಇಂಥ ಮಾತಿಗೆ ಸಿಟ್ಟಾಗುವ ವಯಸ್ಸು ದಾಟಿದೆ. ಈಗ ಬರುವುದು ತಾತ್ಸಾರ ಮಾತ್ರ.

ಕಂಪ್ಯೂಟರಿನ ಕಾಗದ ಒಂದಕ್ಕೊಂದು ಅಂಟಿಕೊಂಡೇ ಪ್ರಿಂಟರಿನಿಂದ ಬರುತ್ತದೆ. ನಡುವಿನ ತೂತಿನ ಸಾಲು ಹಿಡಿದು ಹರಿಯಬೇಕು. ಹದಿನಾರನೇ ಹಾಳೆಯ ಕೆಳಗಿನ ಅಂಚನ್ನು ಹದಿನೆಂಟರ ಮೇಲಂಚಿಗೆ ಹೊಂದಿಸಿ ಅವನ ಮುಂದೆ ಇಟ್ಟೆ. ಒಂದು ನೆಟ್ಟಗೆ ಹರಿದಿತ್ತು. ಇನ್ನೊಂದು ಎಡಮೂಲೆಯಲ್ಲಿ ಕಿತ್ತುಬಂದಿತ್ತು. ಇವೆರಡು ಎಂದೂ ಅಕ್ಕಪಕ್ಕ ಇದ್ದ ಹಾಳೆಗಳಲ್ಲ.

“ಪ್ರಿಂಟರ್ ಹಾಳಿ ನುಂಗಂಗಿಲ್ಲ. ಮನಿಷ್ಯಾ ನುಂಗ್ತಾನ,” ಎಂದೆ.

ಬ್ಯಾಡಗಿಯ ಪ್ರಭುಲಿಂಗಪ್ಪನವರ ಮೆಣಸಿನಕಾಯಿ ಶೀತಲಗೃಹದಲ್ಲಿ ತಂಪು ಮಾಡುವ ಅಮೋನಿಯಾ ಅನಿಲ ಸೋರಿ, ಚೀಲ ಹೊಲಿಯುತ್ತಿದ್ದ ಪ್ರೇಮವ್ವ ಮೂರನೇ ಕೋಣೆಯಲ್ಲಿ ಸತ್ತು ಇಪ್ಪತ್ಮೂರು ದಿನವಾಗಿತ್ತು; ಸೋರಿದರೆ ಕೂಗಬೇಕಾದ ಸೈರನ್ನಿನ ಬಾಯಿ ಮುಚ್ಚಿಸಿದವನು ಆಪರೇಟರ್ ಹೊಳಿಯಪ್ಪನೇ ಎಂದು ಪೊಲೀಸರು ಅವನನ್ನು ಹಾವೇರಿಯ ಜೈಲಿಗೆ ಹಾಕಿದ್ದರು, ನಾಳೆ ಹನ್ನೊಂದಕ್ಕೆ ಅವನ ಜಾಮೀನು ಅರ್ಜಿ ಕೋರ್ಟಿಗೆ ಬರುವುದಿತ್ತು.

ಪೊಲೀಸರ ಕೈಯಲ್ಲಿದ್ದ ಬಲ ಎಲ್ಲ ಈ ಪ್ರವೀಣಕುಮಾರ ಬರೆದುಕೊಟ್ಟ ಒಂದು ಪತ್ರ. ಶೀತಲಗೃಹದ ಯಂತ್ರಗಳನ್ನು ನಡೆಸುವ ಪ್ರೋಗ್ರಾಮ್ ಇವನ ಆಫೀಸಿನದು. ಅದು ತನ್ನಷ್ಟಕ್ಕೆ ತಾನೇ ಒಂದು ದಿನಚರಿ ಬರೆದಿಡುತ್ತದೆ. ಅದರಲ್ಲಿ ಅವತ್ತು ಬೆಳಿಗ್ಗೆ ಒಂಬತ್ತೂ ಐದಕ್ಕೆ ‘ಸೈರನ್ ಬಂದ್, ಹೊಳಿಯಪ್ಪ’ ಎಂದಿತ್ತು. ಇನ್ನೇನು ಬೇಕು ಎಂದು ಇನ್‌ಸ್ಪೆಕ್ಟರ್ ಕೈ ಝಾಡಿಸಿಕೊಂಡಿದ್ದರು. ಕಂಪ್ಯೂಟರ್ ಹೇಳಿದ್ದನ್ನು ದೇವರು ಹೇಳಿದ್ದೆಂದು ನಂಬುವ ಪೊಲೀಸರಿಗೆ ಈ ಜಿಲ್ಲೆಯಲ್ಲಿ ಬರಗಾಲವಿಲ್ಲ.

ಆದರೆ ನಾನು ಅದೇ ದಿನಚರಿಯನ್ನು ಹಿಂದಕ್ಕೆ ಓದಿದ್ದೆ. ಹಿಂದಿನ ದಿನವೂ ಒಂಬತ್ತೂ ಐದು, ಸೈರನ್ ಬಂದ್. ಅದರ ಹಿಂದಿನ ದಿನವೂ ಹಾಗೇ. ಮೂವತ್ತೆಂಟು ದಿನ, ಒಂದೂ ತಪ್ಪದೆ. ಗದ್ದಲ ಬೇಡವೆಂದು ಸೈರನ್ ಬಂದ್ ಮಾಡುವವನು ಒಂದು ಸಲ ಮಾಡಿ ಸುಮ್ಮನಾಗುತ್ತಾನೆ. ದಿನಾ ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿದ ಹಾಗೆ ಯಾರೂ ಮಾಡುವುದಿಲ್ಲ.

ಹೊಳಿಯಪ್ಪನ ಹೆಂಡತಿ ಬೇಡಿಕೊಂಡಳೆಂದು ನಾನು ಜೈಲಿಗೆ ಹೋದಾಗ ಅವನು ಸರಳುಗಳ ಆಚೆ ನಿಂತು ಹೇಳಿದ್ದೂ ಅದನ್ನೇ. “ಬಾಯಾರ, ನಾ ಐರಣಿ ಹಳ್ಳಿಯಾಂವ, ಇಂಗ್ಲೀಷ್ ಬರಂಗಿಲ್ಲ. ಕಂಪ್ಯೂಟರಿನ್ಯಾಗ ಏಳು ಚೌಕ ಅದಾವು. ಮುಂಜಾನೆ ಬಂದ ಕೂಡಲೇ ಏಳಕ್ಕೂ ಟಿಕ್ ಹಾಕಬೇಕು ಅಂತ ಪ್ರೋಗ್ರಾಮಿನವ್ರ ಕಲಿಸ್ಯಾರ. ಎಲ್ಲಾ ಟಿಕ್ ಇದ್ರ ಎಲ್ಲಾ ಚಾಲೂ. ನಾ ಹಂಗ ಮಾಡೇನಿ. ನನ್ನ ಕೈಲೆ ಪ್ರೇಮವ್ವ ಸತ್ಲು ಅಂತಾರ. ಖರೇ ಏನ್ರಿ?”

ಐವತ್ತು ದಾಟಿದ ಆ ಮನುಷ್ಯ ನನಗೆ ಪ್ರಶ್ನೆ ಕೇಳಿದ್ದು ತನ್ನನ್ನು ಉಳಿಸಿಕೊಳ್ಳಲು ಅಲ್ಲ, ಉತ್ತರ ನಿಜಕ್ಕೂ ಗೊತ್ತಿಲ್ಲದೆ.

ಆದ್ದರಿಂದ ಈಗ ನಾನು ಪ್ರವೀಣಕುಮಾರನ ಮಹಡಿ ಹತ್ತಿ ಕೂತಿದ್ದೆ. ಪ್ರೋಗ್ರಾಮಿನ ಹಾಳೆಗಳ ಕಟ್ಟನ್ನು ವಕೀಲರ ಮೂಲಕ ಮೊನ್ನೆಯೇ ತರಿಸಿಕೊಂಡಿದ್ದೆ. ಅದನ್ನು ಓದಿಕೊಟ್ಟವಳು ನನ್ನ ಅಣ್ಣನ ಮಗಳು ಜ್ಯೋತ್ಸ್ನಾ. ಅಣ್ಣ ಅತ್ತಿಗೆ ಹೋದ ಮೇಲೆ ನನ್ನ ಮಡಿಲಲ್ಲೇ ಬೆಳೆದವಳು, ಈಗ ಹಾವೇರಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಎರಡು ದಿನ ಓದಿ, “ಅತ್ಯಾ, ಇದರಾಗ ತಪ್ಪೇನಿಲ್ಲ. ಒಂದು ಹಾಳಿ ಇಲ್ಲ ಖರೆ, ಇದ್ರೂ ಅದರಾಗ ಏನೂ ಇರಂಗಿಲ್ಲ. ಬಿಸಿಲಾಗ ರಾಣೆಬೆನ್ನೂರಿಗೆ ಹೋಗಬ್ಯಾಡ್ರಿ,” ಎಂದಿದ್ದಳು. ನನ್ನ ಬಿ.ಪಿ. ಬಗ್ಗೆ ಅವಳಿಗೆ ಯಾವಾಗಲೂ ಚಿಂತೆ.

“ನಿಮ್ಮ ಕೆಂಪು ವಹಿ ತರ್ರಿ,” ಎಂದೆ.

ಪ್ರವೀಣಕುಮಾರನ ಮುಖದ ನಗು ಅರ್ಧಕ್ಕೆ ನಿಂತಿತು. ಮೂಲೆಯ ಕಂಪ್ಯೂಟರಿನ ಮುಂದೆ ಕೂತಿದ್ದ ಶಶಿಕಾಂತ ತಲೆ ಎತ್ತದೆ ಕೀಲಿಗಳನ್ನು ಸುಮ್ಮನೆ ಒತ್ತುತ್ತಿದ್ದ. ಶೀತಲಗೃಹದ ಪ್ರೋಗ್ರಾಮ್ ಬರೆದವನು ಇವನೇ. ಪರದೆ ಖಾಲಿ ಇತ್ತು, ನಾನು ಬಂದಾಗಿನಿಂದ ಖಾಲಿಯೇ ಇತ್ತು.

ಈ ಆಫೀಸಿನಲ್ಲಿ ಒಂದು ಪದ್ಧತಿ ಇದೆ, ಗೋಡೆಯ ಮೇಲೇ ಬರೆದು ಹಾಕಿದ್ದಾರೆ. ಒಪ್ಪಿಕೊಳ್ಳಬೇಕು, ಪದ್ಧತಿ ಒಳ್ಳೆಯದೇ. ಪ್ರತಿ ಶನಿವಾರ ವಾರದ ಪ್ರೋಗ್ರಾಮನ್ನು ಹಾಳೆಯ ಮೇಲೆ ತೆಗೆದು ಒಬ್ಬ ಗಟ್ಟಿಯಾಗಿ ಓದುತ್ತಾನೆ, ಉಳಿದವರು ಕೇಳುತ್ತಾರೆ. ಒಂದು ಸಾಲನ್ನು ಓದುವಾಗ ಮೂರು ಸಲ ತಡವರಿಸಿದರೆ ಅದಕ್ಕೆ ಕೆಂಪು ಗೆರೆ. ಯಾವ ಹೆಸರು ನಾಲಿಗೆಗೆ ತೊಡರಿತು, ಬದಲಿಗೆ ಯಾವ ಹೆಸರು ಇಡಬೇಕು ಎಂದು ಕೆಂಪು ವಹಿಯಲ್ಲಿ ಬರೆಯುತ್ತಾರೆ. ತಿದ್ದಿದ ಹಾಳೆಯನ್ನು ಆಮೇಲೆ ಹೊರಗಿನವರೊಬ್ಬರು ಓದಿ ಟಿಕ್ ಹಾಕಬೇಕು. ಒಳ್ಳೆಯ ಪದ್ಧತಿ ಅಯೋಗ್ಯರ ಕೈಗೆ ಸಿಕ್ಕರೆ ಅದು ಗೋಡೆಗೆ ತೂಗುಹಾಕುವ ಸರ್ಟಿಫಿಕೇಟ್ ಆಗುತ್ತದೆ, ಅಷ್ಟೇ.

ವಹಿ ಬಂತು. ಮಾರ್ಚ್ ಮೂರು, ಎರಡು ಸಾವಿರದ ಏಳು. ಹದಿನೇಳನೇ ಹಾಳೆಯ ಒಂದು ಸಾಲಿಗೆ ಕೆಂಪು ಗೆರೆ.

“ಓದ್ರಿ,” ಎಂದೆ. “ಗಟ್ಟಿ ಓದ್ರಿ. ಶನಿವಾರ ಓದಿದಂಗ.”

“ಯಾಕೆ ಮೇಡಂ, ನೀವೇ—”

“ನನಗ ಗೊತ್ತಾಗಂಗಿಲ್ಲಲ್ಲ. ನೀವ ಓದ್ರಿ.”

ಅವನು ಓದಿದ. “ಇಫ್ ನಾಟ್ ನೋ ಸೈರನ್.”

“ಅಂದ್ರ?”

“ಅಂದ್ರೆ, ನೋ ಸೈರನ್ ಅನ್ನೋದು ಒಂದು ಫ್ಲ್ಯಾಗು. ಅದು ಇಲ್ಲದಿದ್ರೆ... ಅಂದ್ರೆ ಸೈರನ್ ಬೇಡ ಅಂತ ಇಲ್ಲದೆ ಇಲ್ಲ ಅಂದ್ರೆ...” ನಿಂತ. ಮತ್ತೆ ಶುರು ಮಾಡಿದ. “ಬೇಡ ಅನ್ನೋದು ಆಗಿಲ್ಲ ಅಂದ್ರೆ ಕೂಗಬಾರದು... ಅಲ್ಲ, ಕೂಗಬೇಕು.”

“ಎರಡು ಸಲ ಆತು. ಮೂರನೇದ್ದೂ ಮುಗಿಸ್ರಿ.”

ಅವನು ವಹಿಯನ್ನು ನನ್ನ ಕಡೆ ತಳ್ಳಿದ. ಫ್ಲ್ಯಾಗ್ ಎಂದರೆ ದೊಡ್ಡ ವಿದ್ಯೆಯಲ್ಲ. ಹೌದು ಅಥವಾ ಅಲ್ಲ ಎಂದು ಹೇಳುವ ಒಂದು ಗುಂಡಿ, ಮನೆಯ ದೀಪದ ಗುಂಡಿ ಇದ್ದ ಹಾಗೆ. ಅದಕ್ಕೆ ‘ದೀಪ’ ಎಂದು ಹೆಸರಿಟ್ಟರೆ ಕುರುಡನೂ ಹಚ್ಚುತ್ತಾನೆ. ಈ ಪಂಡಿತರು ‘ದೀಪ ಬೇಡ’ ಎಂದು ಹೆಸರಿಟ್ಟು, ದೀಪ ಬೇಕಾದವರು ಅದನ್ನು ಒತ್ತಬಾರದು ಎಂದು ನಿಯಮ ಮಾಡಿದ್ದರು. ಬೇಡ ಎನ್ನುವುದು ಬೇಡ ಎಂದಾಗ ಬೇಕು ಎಂದು ತಿಳಿಯಬೇಕಂತೆ. ಬುದ್ಧಿವಂತರೆಂದು ಹೇಳಿಕೊಳ್ಳುವವರಿಗೆ ಮಾತ್ರ ಹೊಳೆಯುವ ದಡ್ಡತನ ಇದು.

“ಇದನ್ನ ತಿದ್ರಿ ಅಂತ ನಿಮಗ ಹೇಳಿದವರು ಯಾರು?”

ಉತ್ತರ ಬಂದದ್ದು ಮೂಲೆಯಿಂದ. “ಹೊಳಿಯಪ್ಪನೇ ಹೇಳಿದ್ದನ್ರಿ,” ಎಂದ ಶಶಿಕಾಂತ. “ಆರು ಚೌಕಕ್ಕ ಟಿಕ್ ಬೇಕು, ಏಳನೇದಕ್ಕ ಬ್ಯಾಡ, ಇದೇನ್ ಆಟ ಹಚ್ಚೀರಿ, ಒಂದಿನ ಕೈ ತಪ್ಪತೈತಿ ಅಂತ ಫೋನ್ ಮಾಡಿದ್ದ.”

“ಶಶಿ, ನೀನು ಸುಮ್ನಿರು.”

“ಅಂದ್ರ, ಇಂಗ್ಲೀಷ್ ಬರದ ಆಪರೇಟರಿಗೆ ಮೊದಲ ಗೊತ್ತಾತು,” ಎಂದೆ. “ನಿಮಗ ಆಮ್ಯಾಲೆ.”

ವಹಿಯ ಮುಂದಿನ ಸಾಲಿನಲ್ಲಿ ಹೊಸ ಹೆಸರು ಇತ್ತು: ಸೈರನ್_ಚಾಲೂ. ಟಿಕ್ ಹಾಕಿದರೆ ಸೈರನ್ ಚಾಲೂ. ಏಳು ಚೌಕ, ಏಳು ಟಿಕ್. ಚೊಕ್ಕ ಹೆಸರು. ಮಾರ್ಚ್ ಹತ್ತನೇ ತಾರೀಖಿಗೆ ಹೊಸ ಪ್ರೋಗ್ರಾಮ್ ಬ್ಯಾಡಗಿಗೆ ಹೋಗಿತ್ತು. ದಿನಚರಿಯಲ್ಲಿ ಮೊದಲ ‘ಸೈರನ್ ಬಂದ್’ ಬಿದ್ದದ್ದೂ ಅದೇ ಮಾರ್ಚ್ ಹತ್ತಕ್ಕೆ.

ನಾನು ಪೆನ್ಸಿಲ್ ತೆಗೆದು ಅವನ ಚಂದದ ಲೆಟರ್‌ಹೆಡ್ ಮೇಲೆ ಬರೆದೆ. ಮೊದಲು ಹಳೆಯ ಸಾಲು, ‘ಇಫ್ ನಾಟ್ ನೋ_ಸೈರನ್’. ಅದರಲ್ಲಿ ‘ನೋ_ಸೈರನ್’ ಹೊಡೆದುಹಾಕಿ ಮೇಲೆ ‘ಸೈರನ್_ಚಾಲೂ’ ಎಂದು ಬರೆದೆ. ‘ನಾಟ್’ ಮುಟ್ಟಲಿಲ್ಲ.

“ಹೆಸರು ತಿರುಗಿಸಿದ್ರಿ, ‘ನಾಟ್’ ಅಲ್ಲೇ ಬಿಟ್ರಿ,” ಎಂದೆ. “ಈಗ ಇದರ ಅರ್ಥ ಏನಾತು? ಸೈರನ್ ಚಾಲೂ ಇಲ್ಲದಿದ್ರ ಕೂಗು. ಚಾಲೂ ಅಂತ ಟಿಕ್ ಹಾಕಿದ್ರ ಬಾಯಿ ಮುಚ್ಚು. ಹೊಳಿಯಪ್ಪ ದಿನಾ ಮುಂಜಾನೆ ಸೈರನ್ ಚಾಲೂ ಮಾಡ್ತಿದ್ದ. ನಿಮ್ಮ ಪ್ರೋಗ್ರಾಮ್ ಅದನ್ನ ಬಂದ್ ಮಾಡ್ತಿತ್ತು.”

ಕೀಲಿಗಳ ಸದ್ದು ನಿಂತಿತು. ಶಶಿಕಾಂತ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

“ಸುಳ್ಳು,” ಎಂದ ಪ್ರವೀಣಕುಮಾರ. “ಪ್ರತಿ ಸೋಮವಾರ ಸೈರನ್ ಟೆಸ್ಟ್ ಆಗತೈತಿ. ಎಲ್ಲಾ ಸೋಮವಾರಾನೂ ಕೂಗೇತಿ. ಬೇಕಾದ್ರ ಪ್ರಭುಲಿಂಗಪ್ಪಗ ಕೇಳ್ರಿ.”

ಬೆಂಗಳೂರು ಅವನ ಬಾಯಿಂದ ಇಳಿದುಹೋಗಿತ್ತು. ಹೆದರಿದಾಗ ಮನುಷ್ಯ ತಾಯಿಯ ಮಾತಿಗೆ ಬರುತ್ತಾನೆ.

“ಆ ಟೆಸ್ಟಿನ ಗುಂಡಿ ಗ್ವಾಡಿ ಮ್ಯಾಲೆ ಅದ. ಅದರ ವೈರು ಸೀದಾ ಸೈರನ್ನಿಗೆ ಹೋಗ್ಯದ, ನಿಮ್ಮ ಕಂಪ್ಯೂಟರ್ ದಾರ್ಯಾಗ ಬರೂದೇ ಇಲ್ಲ. ನಾ ಕಣ್ಣಾರೆ ನೋಡೇನಿ. ಗಂಟಿ ಟೆಸ್ಟ್ ಮಾಡಿದ್ರಿ, ಲೈನ್ ಟೆಸ್ಟ್ ಮಾಡ್ಲಿಲ್ಲ.”

ಎಕ್ಸ್‌ಚೇಂಜಿನಲ್ಲಿ ನಮಗೆ ಮೊದಲ ದಿನ ಕಲಿಸಿದ್ದೇ ಅದು. ಲೈನ್ ಪರೀಕ್ಷೆ ಮುಗಿದರೆ ಪಟ್ಟಿಯಲ್ಲಿ ಟಿಕ್. ಆ ತುದಿಯಲ್ಲಿ ಗಂಟೆ ಬಾರಿಸಿದ್ದನ್ನು ನಮ್ಮ ಕಿವಿಯಿಂದಲೇ ಕೇಳಿದ್ದರೆ ಮಾತ್ರ ಟಿಕ್ಕಿನ ಕೆಳಗೆ ಒಂದು ಚುಕ್ಕಿ. ಕೇಳದೆ ಚುಕ್ಕಿ ಇಟ್ಟವರನ್ನು ನಾನು ಸೂಪರ್‌ವೈಸರ್ ಆಗಿದ್ದಾಗ ಒಂದು ವಾರ ಮಾತಾಡಿಸುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಕಿರಾಣಿ ಚೀಟಿಗೂ ಹಾಗೇ ಗುರುತು ಬೀಳುತ್ತದೆ. ನನ್ನ ಕೈಲಿದ್ದ ಕಟ್ಟಿನ ಹಾಳೆಗಳ ಮೇಲೆಲ್ಲ ಈ ಆಫೀಸಿನವರ ಬರೀ ಟಿಕ್, ಅದೂ ಒಂದೇ ಉಸಿರಿನಲ್ಲಿ ಗೀಚಿದ್ದು.

“ತಿದ್ದಿದ ಹಾಳಿ ಹೊರಗಿನವರು ಓದಬೇಕಲ್ಲ,” ಎಂದೆ. “ಹದಿನೇಳಕ್ಕ ಟಿಕ್ ಹಾಕಿದ ಮಹಾನುಭಾವ ಯಾರು?”

“ಇದ್ರು ಒಬ್ರು. ಹಾವೇರಿಯಿಂದ ಬರ್ತಿದ್ರು. ಹೆಸರು ಹಚ್ಚಬ್ಯಾಡ್ರಿ ಅಂದಿದ್ರು.”

“ಯಾಕ?”

“ಬ್ಯಾರೆ ಕಡೆ ನೌಕರಿ. ಹೊರಗ ಕೆಲಸ ಮಾಡೂಹಂಗಿಲ್ಲ.”

“ಹೆಸರು ಹೇಳಾಕ ನಾಚೋ ಮನಿಷ್ಯಾ, ಓದದ ಟಿಕ್ ಹಾಕೂದಕ್ಕ ನಾಚಲಿಲ್ಲ. ಅಂಥ ಕೈ ಪೆನ್ನು ಹಿಡೀಬಾರದು. ಆ ಹಾಳಿ ಹುಡುಕಿ ಅವರನ್ನ ನಾಳೆ ಜಡ್ಜರ ಮುಂದ ನಿಲ್ಲಸ್ತೇನಿ. ಪ್ರೇಮವ್ವನ ಮಕ್ಕಳ ಮುಂದನೂ ನಿಲ್ಲಸ್ತೇನಿ.”

ಪ್ರವೀಣಕುಮಾರ ಕೆಂಪು ವಹಿ ಮುಚ್ಚಿದ. ಅವನ ಮುಖದಲ್ಲಿ ಹೆದರಿಕೆ ಹೋಗಿ ಬೇರೆ ಏನೋ ಬಂದಿತ್ತು.

“ಆ ಹಾಳಿ ಸಿಗದಿದ್ರ ನಿಮಗ ಛಲೋ, ಬಾಯಾರ,” ಎಂದ. “ಹೊಳಿಯಪ್ಪಗ ನಾ ಛಲೋ ವಕೀಲನ್ನ ಇಟ್ಟುಕೊಡ್ತೇನಿ. ನೀವು ಮನಿಗೆ ಹೋಗ್ರಿ.”

ಬೆದರಿಕೆ ಹಾಕಲೂ ಬರದ ಹೇಡಿ ಎಂದುಕೊಂಡು ಎದ್ದೆ.

ಆದರೆ ಅವನು ನೆಮ್ಮದಿಯಾಗಿದ್ದಕ್ಕೆ ಕಾರಣವಿತ್ತು. ದುರಂತವಾದ ಸಂಜೆಯೇ ಪೊಲೀಸರಿಗೆ ಸಹಾಯ ಮಾಡುವ ನೆಪದಲ್ಲಿ ಬ್ಯಾಡಗಿಗೆ ಹೋಗಿ, ಅಲ್ಲಿನ ಕಂಪ್ಯೂಟರಿನಲ್ಲಿ ‘ನಾಟ್’ ತೆಗೆದು ಸರಿಪಡಿಸಿದ ಪ್ರೋಗ್ರಾಮ್ ತುಂಬಿ ಬಂದಿದ್ದ. ಇಲ್ಲಿನ ಯಂತ್ರದಲ್ಲೂ ಹಾಗೇ ಮಾಡಿರುತ್ತಾನೆ. ತಪ್ಪಿನ ಗುರುತು ಉಳಿದದ್ದು ಕಾಗದದಲ್ಲಿ ಮಾತ್ರ. ಆ ಕಾಗದ ಇಲ್ಲದೆ ನಾಳೆ ನನ್ನ ಮಾತಿಗೆ ಬೆಲೆ ಇಲ್ಲ, ಹೊಳಿಯಪ್ಪ ಜೈಲಿಗೇ ವಾಪಸ್ಸು.

ಮೆಟ್ಟಿಲು ಇಳಿಯುವಾಗ ನನ್ನ ಬೆರಳು ನೋಡಿಕೊಂಡೆ. ತುದಿಗೆ ನೀಲಿ ಹತ್ತಿತ್ತು. ಕಾರ್ಬನ್. ಅಂದರೆ ಆ ಹಾಳೆಗಳು ಜೋಡಿಯಾಗಿ ಅಚ್ಚಾದವು, ಕೆಳಗೊಂದು ಪ್ರತಿ ಇದ್ದೇ ಇತ್ತು.

ಹಿಂದೆ ಚಪ್ಪಲಿಯ ಸದ್ದು. ಶಶಿಕಾಂತ ಓಡಿ ಬಂದಿದ್ದ.

“ಎರಡನೇ ಪ್ರತಿ ಗಿರಾಕಿಗೆ ಕೊಡ್ತೇವ್ರಿ,” ಎಂದ, ಮೇಲೆ ನೋಡುತ್ತ. “ಮಾರ್ಚ್ ಹತ್ತಕ್ಕ ನಾನ ಬ್ಯಾಡಗಿಗೆ ಒಯ್ದಿದ್ದೆ. ಗೇಟಿನ್ಯಾಗ ಕೊಟ್ಟು ಬಂದೆ. ಸಾಹೇಬ್ರಿಗೆ ಅದು ನೆನಪಿಲ್ಲ.”

“ನೀನ ‘ನಾಟ್’ ತಗೀಲಿಲ್ಲ, ಹೌದಿಲ್ಲೋ?”

“ಹೆಸರು ಬದಲಿ ಮಾಡಾಕ ಕಂಪ್ಯೂಟರಿಗೆ ಹಚ್ಚಿದೆ, ಎಲ್ಲಾ ಕಡೆ ಬದಲಿ ಮಾಡ್ತು. ನಾ ತಿರುಗಿ ನೋಡ್ಲಿಲ್ಲ. ಓದಿದವರೂ ಟಿಕ್ ಹಾಕಿದ್ರು. ಹಂಗಾರ ಸರಿ ಐತಿ ಅಂದ್ಕೊಂಡೆ.” ಅವನ ಕಣ್ಣು ತುಂಬಿತ್ತು. “ನಾಳೆ ಕೋರ್ಟಿಗೆ ಬಂದು ಹೇಳ್ತೇನ್ರಿ. ಆದ್ರ ಹಾಳಿ ಇಲ್ಲದ ನನ್ನ ಯಾರು ನಂಬ್ತಾರ?”

ಯಾರೂ ನಂಬುವುದಿಲ್ಲ. ಅವನನ್ನು ಬೈಯುವುದನ್ನು ನಾಳೆಗಿಟ್ಟು ಬ್ಯಾಡಗಿಯ ಬಸ್ ಹಿಡಿದೆ.

ಬ್ಯಾಡಗಿಗೆ ಮುಟ್ಟಿದಾಗ ಮೂರೂವರೆ. ಗಾಳಿಯಲ್ಲೇ ಖಾರ. ಹೊಳಿಯಪ್ಪನ ಹೆಂಡತಿ ಮುತ್ತವ್ವ ಶೀತಲಗೃಹದ ಗೇಟಿನ ಮುಂದೆ ಕೂತಿದ್ದಳು. ಗಂಡನನ್ನು ಹಿಡಿದೊಯ್ದ ದಿನದಿಂದ ದಿನಾ ಐರಣಿಯಿಂದ ಬಂದು ಅಲ್ಲೇ ಕೂರುತ್ತಾಳೆ. ಯಾಕೆಂದು ಕೇಳಿದರೆ, ಪ್ರೇಮವ್ವನ ಮಂದಿ ಬಂದರೆ ಕೈ ಮುಗಿಯಬೇಕು ಎನ್ನುತ್ತಾಳೆ.

ಆಫೀಸಿಗೆ ಪೊಲೀಸರ ಸೀಲು. ಗೇಟಿನ ಗುಮಾಸ್ತ ಚಮನಸಾಬ ಮಾತ್ರ ತನ್ನ ಸ್ಟೂಲಿನ ಮೇಲೆ ಇದ್ದ.

“ಮಾರ್ಚ್ ಹತ್ತಕ್ಕ ಕಂಪ್ಯೂಟರ್ ಕಾಗದದ ಕಟ್ಟು ಬಂದಿತ್ತೇನು?”

ಅವನು ರಿಜಿಸ್ಟರ್ ತೆಗೆದ. ಈ ಗೇಟಿನಲ್ಲಿ ಲಾಟ್ ನಂಬರ್ ಇಲ್ಲದೆ ಏನೂ ಒಳಗೆ ಹೋಗುವುದಿಲ್ಲ. ಮೆಣಸಿನಕಾಯಿ ಚೀಲಕ್ಕೆ ಒಂದು ನಂಬರ್, ತಕ್ಕಡಿ ರಿಪೇರಿಯಾಗಿ ಬಂದರೆ ಅದಕ್ಕೊಂದು, ಕಳೆದ ವರ್ಷ ಪ್ರಭುಲಿಂಗಪ್ಪನವರ ಹೊಸ ಕುರ್ಚಿಗೂ ಒಂದು ಬಿದ್ದಿತ್ತು. ಊರೆಲ್ಲ ಇದಕ್ಕೆ ನಕ್ಕಿದೆ, ನಾನೂ ನಕ್ಕಿದ್ದೆ.

“ಲಾಟ್ ಎರಡು ಸಾವಿರದ ಇನ್ನೂರಾ ಹದಿನೇಳು. ಕಾಗದ, ಒಂದು ಕಟ್ಟು,” ಎಂದು ಓದಿದ. “ಒಂದನೇ ಕ್ವಾಣ್ಯಾಗ ಐತ್ರಿ.”

“ಮೆಣಸಿನಕಾಯಿ ಜೋಡಿ?”

“ಲಾಟ್ ಅಂದ ಮ್ಯಾಲೆ ಥಂಡ್ಯಾಗ ಇಡಬೇಕಲ್ರಿ. ಬಿಡಿಸ್ಕೊಳ್ಳಾಕ ಯಾರೂ ಬಂದಿಲ್ಲ.”

ಇಡೀ ಪ್ರಕರಣದಲ್ಲಿ ತಮ್ಮ ಕೆಲಸವನ್ನು ಹೇಳಿದ ಹಾಗೆ ಮಾಡಿದ ಮನುಷ್ಯರು ಇಬ್ಬರೇ. ಒಬ್ಬ ಜೈಲಿನಲ್ಲಿದ್ದ, ಇನ್ನೊಬ್ಬ ನನ್ನ ಮುಂದೆ ಬೀಗದ ಕೈ ಹುಡುಕುತ್ತಿದ್ದ.

ಚೀಲ ಬಂತು. ಬಾಯಿ ಹೊಲಿದಿತ್ತು, ಚೀಟಿ ಕಟ್ಟಿತ್ತು. ಆ ಹೊಲಿಗೆ ಪ್ರೇಮವ್ವನದು ಎಂದು ಚಮನಸಾಬ ಮೆಲ್ಲಗೆ ಹೇಳಿ, ದಾರ ಕೊಯ್ಯುವ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚಿದ. ಒಳಗೆ ಹಾಳೆಗಳು ತಣ್ಣಗಿದ್ದವು. ಹದಿನಾಲ್ಕು, ಹದಿನೈದು, ಹದಿನಾರು. ಹದಿನೇಳು.

ನೀಲಿ ಕಾರ್ಬನ್ ಅಕ್ಷರಗಳಲ್ಲಿ ಸಾಲು ಸ್ಪಷ್ಟವಾಗಿತ್ತು. ‘ಇಫ್ ನಾಟ್ ಸೈರನ್_ಚಾಲೂ.’ ನಾನು ಲೆಟರ್‌ಹೆಡ್ ಮೇಲೆ ಬರೆದದ್ದು ಅಕ್ಷರ ಬಿಡದೆ ಹಾಗೇ ಇತ್ತು.

ಓದಿದವರು ಎರಡೂ ಹಾಳೆ ಬಿಡಿಸುವ ಮುಂಚೆಯೇ ಬಾಲ್‌ಪೆನ್ ಒತ್ತಿ ಗುರುತು ಹಾಕಿದ್ದರು. ಅದೂ ಕೆಳಗೆ ಇಳಿದಿತ್ತು. ಹೆಸರಿಲ್ಲ, ಸಹಿ ಇಲ್ಲ. ಅಂಚಿನಲ್ಲಿ ಒಂದು ಟಿಕ್, ಮಾರ್ಚ್ ಎಂಟರ ತಾರೀಖು.

ಟಿಕ್ಕಿನ ಕೆಳಗೆ ಒಂದು ಚುಕ್ಕಿ.

ಹಾಳೆಯನ್ನು ಬಿಸಿಲಿಗೆ ಹಿಡಿದು ಮತ್ತೆ ನೋಡಿದೆ. ಎಕ್ಸ್‌ಚೇಂಜ್ ಮುಚ್ಚಿ, ಹೊಸ ಯಂತ್ರ ಬಂದು, ಆ ಗುರುತು ಹಾಕುವ ಕೈಗಳೆಲ್ಲ ಒಂದೊಂದಾಗಿ ಹೋಗಿ ಹತ್ತು ವರ್ಷವಾಯಿತು. ಉಳಿದದ್ದು ನಮ್ಮ ಮನೆಯ ಕಿರಾಣಿ ಚೀಟಿ. ಅದರ ಮೇಲೆ ಎಂಟು ವರ್ಷದ ಒಂದು ಹುಡುಗಿ, ಅಣ್ಣನ ಮಗಳು, ನನ್ನ ಪಕ್ಕ ಕೂತು ಬೆಲ್ಲಕ್ಕೆ, ಅವಲಕ್ಕಿಗೆ ಟಿಕ್ ಹಾಕಿ, ಡಬ್ಬಿ ಅಲ್ಲಾಡಿಸಿ ಸದ್ದು ಕೇಳಿ, ಆಮೇಲೆ ಚುಕ್ಕಿ ಇಡುತ್ತಿದ್ದಳು. ಕೇಳದೆ ಇಡಬಾರದು ಎಂದು ನಾನೇ ಕಲಿಸಿದ್ದೆ.

ಅಂಥ ಕೈ ಪೆನ್ನು ಹಿಡಿಯಬಾರದು ಎಂದು ಎರಡು ತಾಸಿನ ಹಿಂದೆ ಅಂದವಳೂ ನಾನೇ.

“ಸಿಕ್ತೇನ್ರಿ ಬಾಯಾರ?” ಮುತ್ತವ್ವ ಹತ್ತಿರ ಬಂದು ಹಾಳೆಯನ್ನು ನೋಡುತ್ತಿದ್ದಳು. ಅವಳಿಗೆ ಓದಲು ಬರುವುದಿಲ್ಲ. “ಇದರಾಗ ಏನ್ ಬರದೈತಿ? ನಮ್ಮ ಯಜಮಾನ ನಾಳೆ ಮನಿಗೆ ಬರ್ತಾನಿಲ್ಲೋ?”

ಬರುತ್ತಾನೆ ಎನ್ನಲು ಬಾಯಿ ತೆರೆದೆ. ಬ್ಯಾಗಿನಲ್ಲಿ ಫೋನ್ ರಿಂಗಾಯಿತು.

“ಅತ್ಯಾ,” ಎಂದಳು ಜ್ಯೋತ್ಸ್ನಾ. ಧ್ವನಿ ಒಣಗಿತ್ತು. “ಶಶಿಕಾಂತ ಫೋನ್ ಮಾಡಿದ್ದ. ಚಮನಸಾಬನ ಹತ್ರ ಹಾಳಿ ಸಿಕ್ತೇನು?”

ಶಶಿಕಾಂತನ ಹೆಸರನ್ನಾಗಲಿ, ಬ್ಯಾಡಗಿಗೆ ಬರುವುದನ್ನಾಗಲಿ ನಾನು ಅವಳಿಗೆ ಹೇಳಿರಲಿಲ್ಲ. ಮುತ್ತವ್ವ ಇನ್ನೂ ನನ್ನ ಬಾಯನ್ನೇ ನೋಡುತ್ತಿದ್ದಳು.